ಒಪ್ಪತ್ತು ಹಿಡಿದ ಮಳೆಗಾಲ

ಅಂಗಡಿಯಲ್ಲಿ ಸಿಗುವ ಕುಸುರೆಳ್ಳಿಗೆ ಮುಳ್ಳೇ ಇರುವುದಿಲ್ಲ. ಈ ಸಂಕ್ರಮಣಕ್ಕೆ ಅಣ್ಣನ ಮೊಮ್ಮಗಳು ಪೇಟೆಯಿಂದ ಒಂದು ಪುಡಿಕೆ ತಂದು ನನ್ನ ಅಂಗೈಗೆ ಸುರಿದಳು. ನೋಡಿದೆ. ಎಳ್ಳಿನ ಸುತ್ತ ಸಕ್ಕರೆ ಬಳಿದು ನುಣ್ಣಗೆ ಮಾಡಿಟ್ಟಿದ್ದರು.

“ಏನವಾ ಇದು? ಸಾಬೂದಾಣಿ ತಂದೀ ಏನ?” ಅಂದೆ.

“ಆಯಿ, ನಿನಗ ಯಾವುದೂ ಮನಸ್ಸಿಗೆ ಬರೂದಿಲ್ಲ ನೋಡು. ಹಂಗಾರ ನೀನ ಮಾಡಿ ತೋರಸು,” ಎಂದು ಹುಡುಗಿ ಮುಖ ಊದಿಸಿದಳು.

ತೋರಿಸಲು ಕೂತೆ. ಶೇಗಡಿಯಲ್ಲಿ ಇದ್ದಿಲು ಹಾಕಿಸಿ, ಮೇಲೆ ಅಗಲದ ಪರಾತ ಇಡಿಸಿ, ತೊಳೆದು ಒಣಗಿಸಿದ ಎಳ್ಳು ಹರಡಿ, ಸಕ್ಕರೆ ಪಾಕದ ಮೊದಲ ಚಮಚ ಹನಿಸಿದೆ. ಬಿಸಿ ಎಳ್ಳಿನ ಮೇಲೆ ಪಾಕ ಬಿದ್ದಾಗ ಏಳುವ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತಿತು. “ಕಣ್ಣಿಗೆ ಹೊಗಿ ಹೋತು,” ಎಂದು ಸುಳ್ಳು ಹೇಳಿ ಎದ್ದು ಜಗಲಿಗೆ ಬಂದೆ. ಕೆಂಡವಾದ ಇದ್ದಿಲಿಗೆ ಹೊಗೆ ಎಲ್ಲಿಂದ ಬರಬೇಕು? ಹುಡುಗಿಗೆ ಅದೂ ಹೊಳೆಯಲಿಲ್ಲ.

ಅದು ದೊಡ್ಡ ಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ನನಗೆ ಆಗ ಇಪ್ಪತ್ತರ ಆಸುಪಾಸು. ಸಣ್ಣವಳಿದ್ದಾಗಲೇ ಮೂಡಲಗಿಯ ಒಂದು ಮನೆಗೆ ಕೊಟ್ಟಿದ್ದರು. ಸಂಸಾರ ಅಂತ ಒಂದು ಶುರುವಾಗುವ ಮೊದಲೇ ಗಂಡ ಜ್ವರ ಬಂದು ಹೋದ. ಅವನ ಮುಖ ನನಗೆ ಸರಿಯಾಗಿ ನೆನಪಿಲ್ಲ, ನೀರು ಕೇಳುತ್ತಿದ್ದ ದನಿ ಮಾತ್ರ ನೆನಪಿದೆ. ಅಣ್ಣ ಬಂಡಿ ತಂದು ನನ್ನನ್ನು ಹುಕ್ಕೇರಿಗೆ ಕರೆದುಕೊಂಡು ಬಂದ. ನಮ್ಮ ಜೈನ ಒಕ್ಕಲು ಮನೆತನಗಳಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವ ರೂಢಿ ಇತ್ತು. ಉಡಿಕೆ ಅನ್ನುತ್ತಿದ್ದರು. ವಾಜಂತ್ರಿ ಇಲ್ಲ, ಹಂದರ ಇಲ್ಲ. ಹೊಸ ಸೀರೆ ಉಡಿಸಿ, ಹಿರಿಯರ ಎದುರು ಕೈ ಹಿಡಿಸಿ ಕಳಿಸುತ್ತಿದ್ದರು. ಆದರೆ ಅದಕ್ಕೆ ಗಂಡಿನ ಕಡೆಯವರು ಬಂದು ಕೇಳಬೇಕು. ಹೆಣ್ಣು ತಾನಾಗಿ ‘ನನಗೆ ಬೇಕು’ ಅಂದಳೋ ಮುಗಿಯಿತು, ಓಣಿ ತುಂಬ ಅದೇ ಸುದ್ದಿ. ಹಾಗಾಗಿ ಬಾಯಿ ಹೊಲಿದುಕೊಂಡು ಕಾಯುತ್ತಿದ್ದೆ. ಕಾಯುತ್ತಿದ್ದೇನೆ ಅನ್ನುವುದನ್ನೂ ಯಾರಿಗೂ ಹೇಳಿರಲಿಲ್ಲ.

ಗೆಳತಿಯರು ಅಂದರೆ ಇಬ್ಬರು. ಒಬ್ಬಳು ಅಮೀನಾ, ಪಾತ್ರೆಗಳಿಗೆ ಕಲಾಯಿ ಹಾಕುವವರ ಮನೆಯ ಸೊಸೆ. ನಮ್ಮ ಹಿತ್ತಲಿಗೆ ಅವರ ಹಿತ್ತಲು ತಾಗಿತ್ತು. ಮನಸ್ಸಿನಲ್ಲಿ ಇದ್ದದ್ದನ್ನು ಬಾಯಲ್ಲಿ ಅಂದುಬಿಡುವವಳು. ಇನ್ನೊಬ್ಬಳು ಚಂಪಾ, ಬಾಜೂ ಮನೆಯವಳು, ನಮ್ಮವಳೇ. ತಂದೆ ಇರಲಿಲ್ಲ. ಸಣ್ಣಂದಿನಲ್ಲಿ ಸಿಡುಬು ಎದ್ದು ಮುಖದ ತುಂಬ ಕಲೆ ಉಳಿದಿತ್ತು. ಕನ್ಯೆ ನೋಡಲು ಬಂದವರು ಅವಲಕ್ಕಿ ತಿಂದು, ನೀರು ಕುಡಿದು, ತಿಳಿಸುತ್ತೇವೆ ಎಂದು ಹೋದರೆ ಮತ್ತೆ ಸುದ್ದಿಯೇ ಇಲ್ಲ. “ನಮ್ಮನಿ ಅವಲಕ್ಕಿ ಭಾಳ ಚಲೋ ಇರ್ತಾವಲೇ ಪದ್ದಿ, ಅದಕ್ಕ ಮಂದಿ ಬರ್ತಾರ,” ಎಂದು ಅವಳೇ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಪದ್ಮಾವತಿ ಎಂಬ ನನ್ನನ್ನು ಪದ್ದಿ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ.

ಆ ವರ್ಷ ಮಳೆಗಾಲದ ಮೊದಲು ನಮ್ಮೂರ ಕನ್ನಡ ಶಾಲೆಗೆ ಯಮಕನಮರಡಿಯ ನೇಮಣ್ಣ ಮಾಸ್ತರರು ವರ್ಗವಾಗಿ ಬಂದರು. ಮೊದಲ ಹೆರಿಗೆಯಲ್ಲೇ ಹೆಂಡತಿ, ಕೂಸು ಇಬ್ಬರನ್ನೂ ಕಳೆದುಕೊಂಡವರು. ನಮ್ಮ ಓಣಿಯ ಅಕ್ಕಾತಾಯಿ ಅವರ ಸೋದರತ್ತೆ. ಅವಳ ಮನೆಯಲ್ಲೇ ಇಳಿದರು. ಬಸದಿಯಲ್ಲಿ ಚಾತುರ್ಮಾಸದ ನಾಲ್ಕು ತಿಂಗಳು ಪುರಾಣ ಓದುವ ರೂಢಿ. ಓದುತ್ತಿದ್ದ ಬಸದಿಯ ಪೂಜಾರಿ ಉಪಾಧ್ಯೇರ ಕಣ್ಣು ಆ ವರ್ಷ ಪೂರಾ ಮಂಜಾಗಿತ್ತು. “ಮಾಸ್ತರ, ನೀವ ಓದ್ರಿ,” ಎಂದು ಪುರಾಣದ ಕಟ್ಟು ಇವರ ಕೈಗೆ ಕೊಟ್ಟರು.

ಮೊದಲ ದಿನ ನಾನು ಬಸದಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗಿನಿಂದ ಆ ದನಿ ಬಂತು. ದೊಡ್ಡ ದನಿಯಲ್ಲ. ಎದುರಿಗೆ ಒಬ್ಬರೇ ಕೂತಿದ್ದಾರೆ, ಅವರಿಗಷ್ಟೇ ಹೇಳುತ್ತಿದ್ದೇನೆ ಅನ್ನುವ ಹಾಗೆ ಓದುತ್ತಿದ್ದರು. ನಾನು ತಂಬಿಗೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ಆದರೆ ಒಳಗೆ ಹೋಗಿ ಕೂತು ಕೇಳುವುದು ಸುಲಭದ ಮಾತಾಗಿರಲಿಲ್ಲ. ನಮ್ಮವರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮಳೆಗಾಲದಲ್ಲಿ ದೀಪಕ್ಕೆ ಹುಳ ಬಿದ್ದು ಸಾಯುತ್ತವೆ ಎಂದು ಬಸದಿಯಲ್ಲಿ ದೀಪ ಹಚ್ಚಿ ಓದುವುದೂ ಇಲ್ಲ. ಹಾಗಾಗಿ ಓದುವುದೆಲ್ಲ ಹಗಲು ಇಳಿಯುವ ಹೊತ್ತಿಗೆ. ಸರಿಯಾಗಿ ಅದೇ ಹೊತ್ತಿಗೆ ಮನೆಯ ಹೆಂಗಸರು ಒಲೆಯ ಮುಂದೆ, ಎಲ್ಲರನ್ನೂ ಬೆಳಕಿರುವಾಗಲೇ ಉಣಿಸಿ ಏಳಿಸುವ ಗಡಿಬಿಡಿಯಲ್ಲಿ. ಪುರಾಣ ಬೇಗ ಉಂಡು ಎದ್ದ ಗಂಡಸರಿಗೂ ಮುದುಕಿಯರಿಗೂ ಮೀಸಲು.

“ನನಗೂ ಹೋಗಿ ಕೇಳಬೇಕನಸ್ತೈತಿ,” ಎಂದು ಚಂಪಾಳ ಹತ್ತಿರ ಸುಮ್ಮನೆ ಅಂದೆ.

“ಪುರಾಣ ಕೇಳಾಕೋ, ಮಾಸ್ತರನ್ನ ಕೇಳಾಕೋ?”

“ಥೂ, ಬಾಯಿ ತೊಳಕೋ ಹೋಗ.”

ಅವಳು ಹತ್ತಿರ ಸರಿದಳು. “ಒಪ್ಪತ್ತ ಹಿಡೀಲೇ. ಚಾತುರ್ಮಾಸ ಮುಗಿಯೂತನಾ ಮಧ್ಯಾಹ್ನ ಒಂದ ಹೊತ್ತಿನ ಊಟ. ಸಂಜಿ ಮುಂದ ಉಣ್ಣದಾಕೀನ ಒಲಿ ಮುಂದ ಯಾರ ಕರೀತಾರ? ವ್ರತದಾಕಿ ಬಸ್ತಿಗೆ ಹೊಂಟ್ರ ಅಡ್ಡ ಬರಾಕ ನಿಮ್ಮವ್ವಗೂ ಆಗೂದಿಲ್ಲ.”

ಎಂಥ ತಲೆ ಅವಳದು! ಮರುದಿನವೇ ಬಸದಿಗೆ ಹೋಗಿ ಉಪಾಧ್ಯೇರ ಎದುರು ಕೈ ಮುಗಿದು ವ್ರತ ಹಿಡಿದೆ. ಅವ್ವ ಕಣ್ಣೊರೆಸಿಕೊಂಡಳು. ಅಣ್ಣ ವ್ರತಕ್ಕೆಂದು ನನಗೆ ಬಿಳಿ ಸೀರೆ ತಂದುಕೊಟ್ಟ. ಗಂಡ ಸತ್ತ ಹುಡುಗಿ ಇಷ್ಟು ಸಣ್ಣ ವಯಸ್ಸಿಗೆ ಧರ್ಮದ ಕಡೆ ತಿರುಗಿದಳು ಎಂದು ಓಣಿಯೆಲ್ಲ ಹೊಗಳಿತು. ಒಳಗಿನ ಹಕೀಕತ್ತು ಗೊತ್ತಿದ್ದದ್ದು ನನಗೆ, ಬಿಟ್ಟರೆ ಚಂಪಾಳಿಗೆ.

ಆ ಮಳೆಗಾಲ ಈಗಲೂ ನನ್ನ ಮೈಮೇಲಿದೆ. ಹುಕ್ಕೇರಿಯ ಮಳೆ ಹುಯ್ಯುವ ಮಳೆಯಲ್ಲ, ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ. ಹೊಲದಲ್ಲಿ ಶೇಂಗಾ, ತಂಬಾಕು ಹಸಿರು ಹಿಡಿದಿರುತ್ತಿದ್ದವು. ನಾನು ಸೆರಗು ತಲೆಗೆ ಹೊದ್ದು, ಕೆಸರು ದಾಟಿ ಬಸದಿಗೆ ಹೋಗಿ ಹೆಂಗಸರ ಕಡೆಯ ಕಂಬಕ್ಕೆ ಒರಗಿ ಕೂರುತ್ತಿದ್ದೆ. ಮಾಸ್ತರರು ಕಿಟಕಿಯ ಬೆಳಕಿಗೆ ಓಲೆಯ ಹಾಗೆ ಉದ್ದವಿದ್ದ ಹಾಳೆಗಳನ್ನು ಹಿಡಿದು ಓದುತ್ತಿದ್ದರು. ಹಸಿವು ಅಂದರೆ ಏನು ಅನ್ನುವುದನ್ನು ನಾನು ಆಗ ಕಲಿತೆ. ಮಧ್ಯಾಹ್ನದ ರೊಟ್ಟಿ ಸಂಜೆಗೆ ಹೊಟ್ಟೆಯಲ್ಲಿ ಎಲ್ಲಿರಬೇಕು?

ಒಂದು ದಿನ ಕಥೆಯಲ್ಲಿ ರಾಣಿ ಅರಮನೆ ಬಿಟ್ಟು ಕಾಡಿಗೆ ಹೊರಟಿದ್ದಳು. ಮಾಸ್ತರರು ದನಿ ಇಳಿಸಿದರು. ಎಲ್ಲರೂ ಉಸಿರು ಹಿಡಿದಿದ್ದಾಗ ನನ್ನ ಹೊಟ್ಟೆ ಗೊರ್ ಎಂದು ಕೂಗಿತು. ಮುಂದೆ ಕೂತಿದ್ದ ಮುದುಕರೊಬ್ಬರು ಹೊರಗೆ ಕತ್ತು ಚಾಚಿ, “ಗುಡುಗಾಕ ಹತ್ತಿತ ನೋಡ್ರಿ ಮಾಸ್ತರ, ಲಗೂನ ಮುಗಸ್ರಿ,” ಅಂದರು. ಮಾಸ್ತರರು ತಲೆ ತಗ್ಗಿಸಿಕೊಂಡರು. ನಗು ಬಂದಿತ್ತು ಅವರಿಗೆ, ನಾನು ನೋಡಿದೆ. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು ನನಗೆ.

ಮುಗಿಸಿ ಹೊರಗೆ ಬರುವಾಗ ಮಾಸ್ತರರು ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತ ನಿಂತಿದ್ದರು. ಮುಖ ನೋಡದೆ ಕೇಳಿದರು: “ಹಸಿವಿ ಆಗೂದಿಲ್ಲೇನ್ರಿ ನಿಮಗ?”

“ಇಲ್ರಿ. ರೂಢಿ ಆಗೇತ್ರಿ.”

“ನನಗಂತೂ ಹಂಗ ಇರಾಕ ಆಗೂದಿಲ್ರಿ. ಭಾಳ ದೊಡ್ಡ ಮನಸ್ಸ ನಿಮ್ಮದು.”

ಅಷ್ಟೇ ಮಾತು. ಆ ಒಂದು ಮಾತಿನ ಮೇಲೆ ವಾರಗಟ್ಟಲೆ ಮನಸ್ಸಿನಲ್ಲೇ ಮಂಡಿಗೆ ತಿಂದೆ. ಆಮೇಲಿಂದ ಕಟ್ಟು ಬಿಚ್ಚುವ ಮೊದಲು ಅವರು ಒಮ್ಮೆ ಕಂಬದ ಕಡೆ ನೋಡುತ್ತಿದ್ದರು. ಒಂದು ಸಂಜೆ ಮಳೆ ಜೋರಾಗಿ ನಾನು ತಡವಾಗಿ ಹೋದೆ. ಇನ್ನೂ ಶುರುವೇ ಆಗಿರಲಿಲ್ಲ. “ಇನ್ನ ಯಾರ ಬರಬೇಕ್ರಿ? ಹೊತ್ತ ಮುಳಗಾಕ ಬಂತು,” ಎಂದು ಅದೇ ಮುದುಕರು ಗದರುತ್ತಿದ್ದರು. ನಾನು ಕೂತ ಮೇಲೆ ಮಾಸ್ತರರು ಓದಲು ತೊಡಗಿದರು.

ಮನೆಗೆ ಹೋಗುವ ದಾರಿಯಲ್ಲಿ ಚಂಪಾ ಕಟ್ಟೆಯ ಮೇಲೆ ಕಾಯುತ್ತಿರುತ್ತಿದ್ದಳು. ಉಂಡು, ಮುಸುರೆ ತೊಳೆದು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ. “ಇವತ್ತ ಏನ ಓದಿದ್ರಲೇ ನಿಮ್ಮ ಮಾಸ್ತರು?” ಎಂದು ಕೇಳುವಳು. ನಾನು ಕೂತು ಕಥೆಯನ್ನೆಲ್ಲ ಹೇಳುತ್ತಿದ್ದೆ. ಬರೀ ಕಥೆಯಲ್ಲ, ಅವರು ಎಲ್ಲಿ ನಿಂತರು, ಎಲ್ಲಿ ಕೆಮ್ಮಿದರು, ಯಾವ ಮಾತಿಗೆ ದನಿ ಒಡೆಯಿತು, ಎಲ್ಲ. ಅವಳು ಮೊಳಕಾಲ ಮೇಲೆ ಗದ್ದ ಇಟ್ಟುಕೊಂಡು ಕೇಳುತ್ತಿದ್ದಳು. ನಿನಗೆ ಅವರು ಮನಸ್ಸಿಗೆ ಬಂದಿದ್ದಾರೇನು ಎಂದು ಅವಳು ಚುಡಾಯಿಸಿದಾಗೆಲ್ಲ ನಾನು ಹೊಡೆಯಲು ಹೋಗುತ್ತಿದ್ದೆ, ಹೌದು ಅನ್ನಲಿಲ್ಲ. ದಿನ ಕಳೆದ ಹಾಗೆ ಅವಳು ಚುಡಾಯಿಸುವುದು ಕಡಿಮೆಯಾಯಿತು. ‘ನಿಮ್ಮ ಮಾಸ್ತರು’ ಹೋಗಿ ಬರೀ ‘ಮಾಸ್ತರು’ ಆಯಿತು. ಅದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಅವರ ದನಿಯನ್ನು ಅವಳು ನನ್ನ ಬಾಯಿಂದಲೇ ಕೇಳಿದಳಲ್ಲ ಎಂದು ಈಗ ಅನ್ನಿಸುತ್ತದೆ.

ದಸರೆಗೆ ಮಳೆ ಬಿಟ್ಟಿತು. ಬನ್ನಿ ಮುಡಿಯುವ ದಿನ ಊರೆಲ್ಲ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣ ಎಂದು ಹೇಳುತ್ತ ತಿರುಗುತ್ತಾರೆ. ಮಾಸ್ತರರು ಅಣ್ಣನಿಗೆ ಬನ್ನಿ ಕೊಡಲು ನಮ್ಮ ಮನೆಗೆ ಬಂದರು. ನಾನು ಒಳಬಾಗಿಲಲ್ಲಿ ನಿಂತಿದ್ದೆ. ಹೋಗುವಾಗ ಅವ್ವನ ಕೈಗೆ ಎರಡು ಎಲೆ ಹೆಚ್ಚಿಗೆ ಕೊಟ್ಟು, “ಒಳಗ ಕೊಡ್ರಿ,” ಅಂದರು. ಅಮೀನಾ ಹಿತ್ತಲ ಬಾಗಿಲಿನಿಂದ ಅದನ್ನೆಲ್ಲ ನೋಡಿದ್ದಳು.

“ಪದ್ಮಕ್ಕಾ, ಅಕ್ಕಾತಾಯಿ ಮನೀ ಭಾಂಡಿ ಕಲಾಯಿಗೆ ಬಂದಾವು. ನಾಳಿ ಕೊಡಾಕ ಹೋಗ್ತೀನಿ. ಒಂದ ಮಾತ ಹಾಕಿ ಬರಲೇನ? ‘ಪದ್ಮಕ್ಕನ್ನ ನಿಮ್ಮ ಅಳಿಯಗ ಕೇಳ್ರಿ’ ಅಂತ?”

“ಹುಚ್ಚಿ! ನನ್ನ ಮ್ಯಾಲೆ ಆಣಿ ಐತಿ. ಉಸರ ಎತ್ತಬ್ಯಾಡ.”

“ಬಾಯಿ ಇದ್ದಾಕಿ ಬರದಾಗ ಬದಕ್ಯಾಳ, ಅಕ್ಕಾ. ನೀ ಹೇಳೂದಿಲ್ಲ, ಹೇಳಾಕ ಬಿಡೂದಿಲ್ಲ. ಮತ್ತ ಅವ್ರಿಗೆ ಕನಸ ಬೀಳಬೇಕೇನ?” ಎಂದು ಬೈದು ಹೋದಳು. ಆಣೆ ಮುರಿಯುವವಳಲ್ಲ ಅವಳು. ಮುರಿಯಬಾರದಿತ್ತೆ ಎಂದು ಎಷ್ಟೋ ಸಲ ಅವಳ ಮೇಲೆ ಸಿಟ್ಟು ಬಂದದ್ದುಂಟು.

ದೀಪಾವಳಿಯ ಬೆಳಗು ಬಸದಿಯಲ್ಲಿ ನಿರ್ವಾಣದ ಪೂಜೆಗೆ ಲಾಡು ಏರಿಸಿ ಹೊರಗೆ ಬರುವಾಗ ಅಕ್ಕಾತಾಯಿ ನನ್ನ ಪಕ್ಕದಲ್ಲೇ ನಡೆದಳು. “ಏನವಾ ಪದ್ಮಾ, ಚಾತುರ್ಮಾಸ ಮುಗೀತು. ಪಾರಣಿ ಮಾಡ್ತಿಯೋ, ಒಪ್ಪತ್ತ ಮುಂದ ನಡಸ್ತಿಯೋ?” ಎಂದು ಕೇಳಿದಳು. ಅವಳ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ಪಾರಣೆ ಮಾಡುತ್ತೇನೆ ಅಂದರೆ ಆಸೆಬುರುಕಿ ಅಂದುಕೊಂಡಾಳು ಎಂದು, “ನೋಡೂಣ್ರಿ,” ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅವಳು ಹೂಂ ಎಂದು ಮುಂದೆ ನಡೆದಳು.

ಅದಾಗಿ ಕೆಲವು ದಿನಕ್ಕೆ ಚಂಪಾ ಹಿತ್ತಲ ಬಾಗಿಲಿನಿಂದ ಬಂದಳು. ನಾನು ಜೋಳ ಹಸನು ಮಾಡುತ್ತಿದ್ದೆ. ಬಂದವಳು ಮೊರದ ಇನ್ನೊಂದು ಬದಿಗೆ ಕೂತು ತಾನೂ ಕಲ್ಲು ಆರಿಸತೊಡಗಿದಳು. ಕಲ್ಲಿನ ಜೊತೆ ಕಾಳನ್ನೂ ಎಸೆಯುತ್ತಿದ್ದಳು.

“ಪದ್ದಿ, ನಮ್ಮನೀಗೆ ಕೇಳಾಕ ಬಂದಿದ್ರು.”

“ಯಾರ ಕಡಿಯಿಂದ?”

“ಅಕ್ಕಾತಾಯಿ. ಮಾಸ್ತರಿಗೆ.”

ನನ್ನ ಕೈ ಮೊರದ ಮೇಲೆ ಹಾಗೇ ಉಳಿಯಿತು. ಅವಳು ನನ್ನ ಕೈ ಹಿಡಿದಳು. ತಣ್ಣಗಿತ್ತು ಅವಳ ಕೈ. “ನೀ ಬ್ಯಾಡ ಅನ್ನು, ನಾನೂ ಬ್ಯಾಡ ಅಂತೀನಿ. ಖರೆ ಹೇಳ್ತೀನಿ. ನಿನ್ನ ಮನಸ್ಸಿನ್ಯಾಗ ಏನರ ಇದ್ರ ಈಗ ಹೇಳು.”

ನೋಡಿ, ಹೇಗೆ ಕೇಳಿದಳು! ಸಿಡುಬಿನ ಕಲೆಗಳ ನಡುವೆ ಅವಳ ಕಣ್ಣು ತುಂಬಿಕೊಂಡಿದ್ದವು. ಅವಲಕ್ಕಿ ತಿಂದು ಎದ್ದುಹೋದ ಎಲ್ಲರೂ ನನ್ನ ಕಣ್ಣೆದುರು ಬಂದರು. ಆ ಮುಖಕ್ಕೆ ಬೇಡ ಅನ್ನುವುದು ಯಾರಿಂದ ಸಾಧ್ಯ? ಅಲ್ಲದೆ ಮಾಸ್ತರರು ಅವಳನ್ನೇ ಕೇಳಿ ಕಳಿಸಿದ್ದಾರೆ. ಕಂಬದ ಕಡೆ ನೋಡಿದ್ದು, ಬನ್ನಿ ಎಲೆ ಕೊಟ್ಟದ್ದು ಎಲ್ಲ ನನ್ನ ಭ್ರಮೆ ಎಂದುಕೊಂಡೆ.

“ನನ್ನ ಮನಸ್ಸಿನ್ಯಾಗ ಏನ ಇರತೈತಿ? ಮಾಡಕೋ. ಚಲೋ ಮನಶಾ ಅದಾರ,” ಅಂದೆ.

ಅವಳು ಮೊರದ ಮೇಲೆಯೇ ಬಿದ್ದು ಅತ್ತಳು. ನನ್ನ ಮೇಲಿನ ಪ್ರೀತಿಗೆ ಅಳುತ್ತಾಳೆ ಎಂದು ನಾನು ತಿಳಿದು, ಅವಳ ತಲೆ ನೇವರಿಸಿ ಸಮಾಧಾನ ಮಾಡಿದೆ.

ಮದುವೆ ಚಳಿಗಾಲದ ಮೊದಲಿಗೇ ಆಗಿಹೋಯಿತು. ನಾನು ಒಳಗೆ ಕೂತು ವೀಳ್ಯದೆಲೆ ಎಣಿಸಿ ಕೊಟ್ಟೆ. ಮಾಸ್ತರರಿಗೆ ಗೋಕಾಕಕ್ಕೆ ವರ್ಗವಾಯಿತು, ಇಬ್ಬರೂ ಹೊರಟುಹೋದರು. ಸಂಜೆಯಾದರೆ ಆ ಕಟ್ಟೆಯ ಕಡೆ ನೋಡಲಾಗುತ್ತಿರಲಿಲ್ಲ. ಯಾರಿಗಾಗಿ ಹೆಚ್ಚು ಸಂಕಟವೋ ಅದೂ ತಿಳಿಯುತ್ತಿರಲಿಲ್ಲ. ಮಾಸ್ತರರು ಹೋದರು ಎಂದು ಅಳು ಬಂದರೆ, ಅದನ್ನು ಹೇಳಿಕೊಳ್ಳಲು ಚಂಪಿ ಬೇಕು ಅನ್ನಿಸುತ್ತಿತ್ತು. ಮುಂದಿಟ್ಟ ತಟ್ಟೆಯನ್ನು ಹಾಗೇ ಸರಿಸುತ್ತಿದ್ದೆ. ಹೀಗಾಗಿ ಪಾರಣೆಯ ಮಾತೇ ಬರಲಿಲ್ಲ, ಒಪ್ಪತ್ತು ಹಾಗೇ ಮುಂದುವರಿಯಿತು. ಚಾತುರ್ಮಾಸ ಮುಗಿದರೂ ವ್ರತ ಬಿಡಲಿಲ್ಲ ಎಂದು ಊರವರ ಭಕ್ತಿ ಇನ್ನೂ ಹೆಚ್ಚಿತು. ಸಂಸಾರ ಬಿಟ್ಟ ತ್ಯಾಗಿಗಳಿಗೆ ಅನ್ನುವ ಹಾಗೆ ವಯಸ್ಸಾದವರೂ ನನಗೆ ‘ಅಕ್ಕಾರ’ ಅನ್ನತೊಡಗಿದರು. ಅಮೀನಾ ಮಾತ್ರ ಬೇಲಿಯಾಚೆಯಿಂದ, “ಉಣ್ಣ ಅಕ್ಕಾ, ಸಾಯಬ್ಯಾಡ,” ಎಂದು ಗದರುತ್ತಿದ್ದಳು.

ನಮ್ಮಲ್ಲಿ ಹೊಸ ಮದುಮಗಳ ಮೊದಲ ಸಂಕ್ರಮಣಕ್ಕೆ ತವರಿನಿಂದ ಕುಸುರೆಳ್ಳಿನ ದಾಗಿನ ಹೋಗಬೇಕು. ಕೊರಳ ಹಾರ, ಬಳೆ, ಬಾಜೂಬಂದು, ಬೈತಲೆ ಬೊಟ್ಟು, ಎಲ್ಲವನ್ನೂ ಸಕ್ಕರೆಯ ಕುಸುರೆಳ್ಳಿನಲ್ಲೇ ಪೋಣಿಸಿ ಮಾಡುತ್ತಾರೆ. ಕರಿ ಸೀರೆ ಉಡಿಸಿ, ಅವನ್ನು ತೊಡಿಸಿ ಆರತಿ ಮಾಡುತ್ತಾರೆ. ಹೋಗುವಾಗಲೇ ಚಂಪಾ ಅವರವ್ವನಿಗೆ, ನನ್ನ ದಾಗಿನ ಪದ್ದಿಯೇ ಮಾಡಬೇಕು ಎಂದು ಹೇಳಿ ಹೋಗಿದ್ದಳಂತೆ. ಮೊದಲಾಗಿದ್ದರೆ ಗಂಡ ಸತ್ತವಳ ಕೈಯಿಂದ ಇಂಥದ್ದನ್ನು ಯಾರು ಮಾಡಿಸುತ್ತಿದ್ದರು? ಈಗ ಚಂಪಾಳ ಅವ್ವ ಬಂದು, “ನಿನ್ನ ಕೈ ವ್ರತದ ಕೈ ತಾಯಿ, ಅದಕ್ಕ ದೋಷ ಇಲ್ಲ,” ಅಂದಳು.

ಮಾಡಿದೆ. ಅಮೀನಾ ಹೊಸ ಕಲಾಯಿ ಹಾಕಿದ ಪರಾತ ಕೊಟ್ಟಳು, ತಮ್ಮ ಭಟ್ಟಿಯ ಗಟ್ಟಿ ಇದ್ದಿಲು ಕೊಟ್ಟಳು. ಕುಸುರೆಳ್ಳಿಗೆ ಅವಸರ ನಡೆಯುವುದಿಲ್ಲ. ಸಣ್ಣ ಕೆಂಡ, ಒಂದೊಂದೇ ಚಮಚ ಪಾಕ, ಬೆರಳ ತುದಿಯಿಂದ ಬಿಡದೆ ಆಡಿಸುತ್ತಿರಬೇಕು. ದಿನಗಟ್ಟಲೆ ಆಡಿಸಿದರೆ ಚಳಿಗೆ ಒಂದೊಂದು ಎಳ್ಳಿಗೂ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಬೆರಳಿಗೆ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದವು. ಅಷ್ಟು ಚೆಂದದ ಮುಳ್ಳು ನನ್ನ ಕೈಯಲ್ಲಿ ಹಿಂದೆಂದೂ ಎದ್ದಿರಲಿಲ್ಲ, ಆಮೇಲೂ ಏಳಲಿಲ್ಲ. ಚಂಪಿ ಚೆಂದ ಕಾಣಲಿ ಎಂದು ಮಾಡಿದೆ. ಮಾಸ್ತರರು ನೋಡುತ್ತಾರೆ ಎಂದೂ ಮಾಡಿದೆ. ಎರಡೂ ಖರೆ.

ದಾಗಿನದ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಚಂಪಾಳ ಅವ್ವನ ಜೊತೆ ಸರ್ವಿಸ್ ಮೋಟಾರಿನಲ್ಲಿ ಗೋಕಾಕಕ್ಕೆ ಹೋದೆ. ದಾರಿಯ ತಗ್ಗು ಬಂದಾಗೆಲ್ಲ ಬುಟ್ಟಿಯನ್ನು ಎತ್ತಿ ಹಿಡಿದೆ, ಒಂದು ಕಾಳೂ ಉದುರಲಿಲ್ಲ. ಮಾಸ್ತರರ ಬಾಡಿಗೆ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಚಂಪಾ ಬಾಗಿಲಲ್ಲೇ ನನ್ನನ್ನು ಅಪ್ಪಿಕೊಂಡಳು. ಮೈ ತುಂಬಿಕೊಂಡು, ಬಣ್ಣ ಬಂದಿತ್ತು. ಕಣ್ಣಿಗೆ ಕಣ್ಣು ಕೊಡಲಿಲ್ಲ.

ಮಧ್ಯಾಹ್ನ ಹೊರಗಿನ ಪಡಸಾಲೆಯಲ್ಲಿ ಹೆಂಗಸರು ಸೇರಿ ಆರತಿ ಮಾಡಿದರು. ನಾನು ಒಳಗೆ ಅಡಿಗೆ ಮನೆಯಲ್ಲಿ ಕೂತು ಹಾಡು ಕೇಳುತ್ತಿದ್ದೆ. ಆಗ ಮಾಸ್ತರರು ಹಿಂದಿನ ಬಾಗಿಲಿನಿಂದ ಬಂದು ದೂರದಲ್ಲಿ ನಿಂತು ಎರಡೂ ಕೈ ಜೋಡಿಸಿದರು.

“ಅಕ್ಕಾರ, ವ್ರತ ಚಲೋ ನಡದೈತಿಲ್ರಿ?”

ನನಗಿಂತ ಎಷ್ಟೋ ದೊಡ್ಡವರು. ಅಕ್ಕಾರ ಅಂದರು. “ನಡದೈತ್ರಿ,” ಅಂದೆ.

“ನಿಮಗ ಒಂದ ಮಾತ ಹೇಳಬೇಕ್ರಿ. ಹೇಳದಿದ್ರ ಮನಸ್ಸಿನ್ಯಾಗ ಉಳದಬಿಡತೈತಿ. ದಸರಾ ಆದ ಮ್ಯಾಲೆ ನಮ್ಮ ಅತ್ತೀನ ನಿಮ್ಮ ಅಣ್ಣಾರ ಕಡೆ ಕಳಸಾಕ ಹೊಂಟಿದ್ದೆ. ಉಡಿಕಿ ಮಾತಾಡಾಕ. ನಿಮ್ಮನ್ನ ಕೇಳಾಕ.” ಅವರ ಮುಖ ಕೆಂಪಾಯಿತು. “ನನ್ನ ಬುದ್ಧಿಗೇಡಿತನ ನೋಡ್ರಿ. ಅತ್ತಿ ಮೊದಲ ಚಂಪಾನ್ನ ಕೇಳಿದಳಂತ, ನಿಮ್ಮ ಗೆಳತಿ ಅಂತ. ‘ಪದ್ಮಾ ದೀಕ್ಷಾದ ದಾರಿ ಹಿಡದಾಳ, ಆಕೀಗೆ ಇಂಥಾ ಮಾತ ಕಿವಿಗೂ ಹಾಕಬ್ಯಾಡ್ರಿ’ ಅಂತ ಚಂಪಾ ತಡದಳು. ಇಲ್ಲಾಂದ್ರ ಒಬ್ಬ ತ್ಯಾಗಿ ದಾರಿಗೆ ಅಡ್ಡ ಬಂದ ಪಾಪ ನನಗ ತಗಲತಿತ್ತು. ಕ್ಷಮಾ ಮಾಡ್ರಿ.”

ಅವರ ಹಿಂದೆ ನಡುಬಾಗಿಲಲ್ಲಿ ಚಂಪಾ ನಿಂತಿದ್ದಳು. ಕರಿ ಸೀರೆ, ಮೈತುಂಬ ನನ್ನ ಕೈಯ ಬಿಳಿ ದಾಗಿನ. ಎಲ್ಲ ಕೇಳಿಸಿಕೊಂಡಿದ್ದಳು. ಕೊರಳಲ್ಲಿದ್ದ ಹಾರ ಅವಳ ಉಸಿರಿಗೆ ಮೇಲೆ ಕೆಳಗೆ ಆಗುತ್ತಿತ್ತು.

ಸುಳ್ಳು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆ ಮನೆ ಅಲ್ಲೇ ಕುಸಿಯುತ್ತಿತ್ತು. ವ್ರತದ ಉಪಾಯ ಹೇಳಿಕೊಟ್ಟವಳೇ ಅವಳು. ನಾನು ಯಾಕೆ ಹಸಿದಿದ್ದೆ ಎಂದು ಈ ಲೋಕದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಹೊರಗೆ ಹೆಂಗಸರು “ಮದುಮಗಳ ಎಲ್ಲಿ ಹ್ವಾದಳು?” ಎಂದು ಕೂಗುತ್ತಿದ್ದರು.

“ಚಂಪಾ ಖರೇನ ಹೇಳ್ಯಾಳ್ರಿ ಮಾಸ್ತರ,” ಅಂದೆ.

ನೀವು ಇದನ್ನು ತ್ಯಾಗ ಅನ್ನಬೇಡಿ. ತ್ಯಾಗವೂ ಅಲ್ಲ, ಮಣ್ಣೂ ಅಲ್ಲ. ಆ ಹೊತ್ತಿಗೆ ನನ್ನ ಬಾಯಲ್ಲಿ ಬೇರೆ ಮಾತು ಇರಲಿಲ್ಲ. ಮಾಸ್ತರರು ಮನಸ್ಸು ಹಗುರವಾಗಿ ಮತ್ತೊಮ್ಮೆ ಕೈ ಮುಗಿದು ಹೊರಗೆ ಹೋದರು.

ಹೆಂಗಸರೆಲ್ಲ ಹೋದ ಮೇಲೆ ಚಂಪಾ ಹಿತ್ತಲಿಗೆ ಬಂದಳು. ನಾನು ಕೈಕಾಲು ತೊಳೆಯುತ್ತಿದ್ದೆ. ದಾಗಿನ ಇನ್ನೂ ಬಿಚ್ಚಿರಲಿಲ್ಲ.

“ಅಕ್ಕಾತಾಯಿ ಕೇಳಿದಾಗ ಆ ಮಾತ ತಾನ ಬಾಯಿಂದ ಬಂತಲೇ. ಬಂದ ಮ್ಯಾಲೆ ಹಿಂದಕ ತಗೊಳ್ಳಾಕ ಆಗಲಿಲ್ಲ. ನಿನಗ ರೂಪ ಐತಿ, ನಿಮ್ಮಣ್ಣ ಅದಾನ, ನಿನಗ ಇನ್ನೊಬ್ಬರ ಬರತಿದ್ರು. ನನ್ನ ಮಾರಿ ನೋಡು. ನನಗ ಯಾರ ಬರತಿದ್ರು?” ದನಿ ಒಡೆಯಿತು. “ಆಮ್ಯಾಲೆ ನಿನ್ನ ಕೇಳಾಕ ಬಂದೆ. ನೀ ಹೂಂ ಅಂತಿ ಅಂತ ಗೊತ್ತ ಇತ್ತು. ಗೊತ್ತಿದ್ದ ಬಂದೆ. ಬೈ ಪದ್ದಿ. ಹಡಬಿಟ್ಟಿ ಅನ್ನು, ಕೂದಲ ಹಿಡದ ಬಡಿ. ಒಂದ ಸಲ ಬೈದಬಿಡ ನನ್ನ.”

ಬೈಯಲು ಮಾತು ಇರಲಿಲ್ಲವೇ? ನಾಲಗೆಯ ತುದಿಯಲ್ಲೇ ಇದ್ದವು. ಆದರೆ ಬೈದರೆ ಇಬ್ಬರೂ ಅಪ್ಪಿಕೊಂಡು ಅಳುತ್ತೇವೆ, ಅತ್ತರೆ ಮುಗಿದುಹೋಗುತ್ತದೆ, ಅವಳಿಗೆ ಸಂಸಾರವೂ ಉಳಿಯುತ್ತದೆ, ಗೆಳತಿಯೂ ಉಳಿಯುತ್ತಾಳೆ. ನನಗೆ ಏನು ಉಳಿಯುತ್ತದೆ? ಅಷ್ಟು ಒಳ್ಳೆಯವಳಾಗಲು ನನಗೆ ಮನಸ್ಸಾಗಲಿಲ್ಲ.

“ಬೈಯೂದ್ಯಾಕವಾ?” ಅಂದೆ. “ಒಬ್ಬಾಕಿ ವ್ರತ ಉಳಿಸಿದಿ. ಪುಣ್ಯದ ಕೆಲಸ ಮಾಡೀದಿ. ಸುಖದಾಗ ಇರು.”

ಬೈಗುಳವಾಗಿದ್ದರೆ ಅವಳು ತಾಳಿಕೊಳ್ಳುತ್ತಿದ್ದಳು. ಈ ಮಾತಿಗೆ ಅವಳ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು. ನನ್ನ ಬಿಳಿ ಸೀರೆಯನ್ನು ಮೇಲಿಂದ ಕೆಳಗೆ ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು.

ಊರಿಗೆ ಬಂದ ಮೇಲೆ ಬೇರೆ ಇಬ್ಬರು ಮೂವರು ಉಡಿಕೆಗೆ ಕೇಳಬೇಕೆಂದಿದ್ದರಂತೆ. ‘ಆಕಿ ತ್ಯಾಗಿ, ಕೇಳಬ್ಯಾಡ್ರಿ’ ಎಂದು ಓಣಿಯವರೇ ಹೊಸ್ತಿಲಾಚೆ ಅವರನ್ನು ತಿರುಗಿಸಿ ಕಳಿಸಿದರು. ಅಮೀನಾ ಗಂಡನ ಧಂದೆಗೆ ಕಣಗಲಾದ ಕಡೆ ಹೋದಳು. ನಾನು ಬಸದಿಗೆ ಹೋದರೆ ಮುದುಕಿಯರೂ ಎದ್ದು ಮುಂದಿನ ಜಾಗ ಬಿಟ್ಟುಕೊಟ್ಟರು, ಕೂತೆ. ಈ ವಯಸ್ಸಿನವರೆಗೂ ಅಲ್ಲೇ ಕೂತಿದ್ದೇನೆ.

ಚಂಪಾ ಮುಂದಿನ ಮಳೆಗಾಲಕ್ಕೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನಾನು ಜಗಲಿಯ ಮೇಲೆ ಇದ್ದೆ. ಹೊಟ್ಟೆ ಹೊತ್ತುಕೊಂಡು, ಒಂದು ಕೈಯಿಂದ ಗೋಡೆ ಹಿಡಿದು ಮೆಲ್ಲಗೆ ನಮ್ಮ ಮನೆಯ ಕಡೆ ನಡೆದು ಬರುತ್ತಿದ್ದಳು. ಅವಳನ್ನು ಕಂಡ ಕೂಡಲೇ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಬಾಯಿ ತುಂಬ ಬೈಯಬೇಕು, ಬೈದು ಅಳಬೇಕು, ಮತ್ತೆ ಹಳೆಯ ಹಾಗೆ ಕಟ್ಟೆಯ ಮೇಲೆ ಕೂರಬೇಕು ಅನ್ನಿಸಿತು. “ಏ ಚಂಪಿ!” ಎಂದು ಎದ್ದು ನಿಂತೆ.

ಅವಳು ಅಷ್ಟು ಭಾರದ ಹೊಟ್ಟೆಯನ್ನು ಹಿಡಿದುಕೊಂಡು, ಕಷ್ಟಪಟ್ಟು ಬಗ್ಗಿ, ನನ್ನ ಎರಡೂ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

“ಆರಾಮ ಅದೀರಿಲ್ರಿ, ಅಕ್ಕಾರ?” ಅಂದಳು.